ನೆಟೆ ಬೀಳುವ ಮೊದಲಿನ ಮಾತು

ತೊಗರಿ ಹೂವಾಡುವ ಹೊತ್ತಿಗೆ ಕಲಬುರಗಿ ಜಿಲ್ಲೆಯ ಚಂದಾಪುರದ ಗೊಬ್ಬರದಂಗಡಿಗಳಲ್ಲಿ ಕೇಳಿಬರುವ ಮಾತು: ‘ಹೊಲಾ ನೆಟಿ ಹೊಂಟದ, ಯಾವ ಎಣ್ಣಿ ಹೊಡೀಬೇಕ್ರಿ?’ ಕೊಟ್ಟ ಡಬ್ಬಿಯ ಮೇಲೆ ‘ಪ್ರಿವೆಂಟಿವ್’ ಎಂದಿದ್ದರೆ ಅದನ್ನು ಅಲ್ಲೇ ಇಟ್ಟು ಬರುವುದು ಲೇಸು.

ಲ್ಯಾಟಿನ್ನಿನ ‘ಪ್ರೇ’ ಎಂದರೆ ಮೊದಲು, ‘ವೆನೀರೆ’ ಎಂದರೆ ಬರು. ಕೇಡಿಗಿಂತ ಮೊದಲೇ ಬಂದು ಅಡ್ಡ ನಿಲ್ಲುವುದು ಪ್ರಿವೆಂಟಿವ್. ಬಂದ ಮೇಲೆ ಗುಣಪಡಿಸುವುದು ‘ಕ್ಯುರೇಟಿವ್’. ನೆಟೆ ರೋಗದ ಶಿಲೀಂಧ್ರ ಮಣ್ಣಲ್ಲೇ ಇರುತ್ತದೆ. ಬೇರಿನಿಂದ ಒಳಹೊಕ್ಕು ನೀರೇರುವ ನಾಳ ಮುಚ್ಚಿಬಿಡುತ್ತದೆ. ಎಲೆ ಜೋತುಬಿದ್ದದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಒಳಗಿನ ಕೆಲಸ ಮುಗಿದಿರುತ್ತದೆ. ಹಾಗಾಗಿ ಇಲ್ಲಿ ನಡೆಯುವುದೆಲ್ಲ ಬಿತ್ತನೆಗೆ ಮುಂಚಿನ ಉಪಾಯ: ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಲೇಪಿಸುವುದು, ಅದೇ ಹೊಲಕ್ಕೆ ವರ್ಷ ಬಿಟ್ಟು ವರ್ಷ ಜೋಳ ಹಾಕುವುದು, ಕಲಬುರಗಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ತಳಿ ಬಿತ್ತುವುದು.

ಈ ಪದವನ್ನು ಕನ್ನಡಕ್ಕೆ ತರುವಾಗ ಎಡವುವುದು ಇಲ್ಲೇ. ‘ರೋಗ ನಿವಾರಕ’ ಎಂದು ಬರೆದರೆ ‘ನೋವು ನಿವಾರಕ’ ಓದಿ ರೂಢಿಯಿದ್ದವರಿಗೆ ಬಂದ ರೋಗ ಕಳೆಯುವ ಔಷಧವೆಂದೇ ಅನ್ನಿಸುತ್ತದೆ. ‘ನಿರೋಧಕ’ ತಳಿಗೆ ಸರಿ. ಅದು ಗಿಡದ ಸ್ವಂತ ಗುಣ. ಬೀಜೋಪಚಾರ ನಾವು ಮಾಡುವ ಕೆಲಸ, ಅದಕ್ಕೆ ‘ಮುಂಜಾಗ್ರತೆ’ ಒಪ್ಪುತ್ತದೆ. ನನ್ನ ಕೇಳಿದರೆ ‘ಮುಂಚಿನ ಉಪಚಾರ’ ಇನ್ನೂ ಸಲೀಸು. ಇಂಗ್ಲಿಷಿನಲ್ಲಿ ‘ಪ್ರಿವೆಂಟೇಟಿವ್’ ಎಂಬ ಉದ್ದ ರೂಪವೂ ಇದೆ. ಎರಡೂ 17ನೇ ಶತಮಾನದವು, ಅರ್ಥ ಒಂದೇ. ಗಿಡ್ಡದ್ದೇ ಸಾಕು.

ವಾಡಿಯ ಸಿಮೆಂಟ್ ಕಾರ್ಖಾನೆಯವರಿಗೆ ‘ಪ್ರಿವೆಂಟಿವ್ ಮೇಂಟೆನೆನ್ಸ್’ ದಿನದ ಮಾತು. ಸಿಮೆಂಟಿನ ಮೂಲವಾದ ಕ್ಲಿಂಕರ್ ಬೇಯಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಗೂಡಿನೊಳಗಿನ ಬೆಂಕಿ ತಾಳುವ ಇಟ್ಟಿಗೆ ಉದುರಿದರೆ ಹೊರಗಿನ ಉಕ್ಕಿನ ಕೊಳವೆಯೇ ಕೆಂಪಾದೀತು. ಅದಕ್ಕೇ ಕೆಡುವ ತನಕ ಕಾಯದೆ, ಗೂಡು ನಿಲ್ಲಿಸಿ ಸವೆದ ಇಟ್ಟಿಗೆ ಬದಲಿಸುತ್ತಾರೆ.

ಕಾನೂನಿನಲ್ಲಿ ಮಾತ್ರ ಈ ಪದಕ್ಕೆ ಮೊನೆಯಿದೆ. ಸಂವಿಧಾನದ 22ನೇ ವಿಧಿಯ ‘ಪ್ರಿವೆಂಟಿವ್ ಡಿಟೆನ್ಷನ್’ ಎಂದರೆ ಮಾಡಿದ ತಪ್ಪಿಗಲ್ಲ, ಮಾಡಬಹುದೆಂಬ ಅನುಮಾನಕ್ಕೆ ಬಂಧನದಲ್ಲಿಡುವುದು. ಸಲಹಾ ಮಂಡಳಿ ಒಪ್ಪದೆ ಮೂರು ತಿಂಗಳು ದಾಟಿಸುವಂತಿಲ್ಲ. ಚುನಾವಣೆ ಹತ್ತಿರವಾದಾಗ ಊರಲ್ಲಿ ‘107 ಹಾಕ್ಯಾರ’ ಅನ್ನುವುದು ಬೇರೆ, ಹಗುರವಾದದ್ದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಆ 107ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ. ನೋಟಿಸ್ ಬಂತೆಂದರೆ ತಪ್ಪು ಸಾಬೀತಾಯಿತೆಂದಲ್ಲ. ತಹಶೀಲ್ದಾರರ ಮುಂದೆ ನಿಂತು ಹೇಳಿಕೊಳ್ಳಲು ಅವಕಾಶವಿದೆ. ಅವರಿಗೆ ಅಗತ್ಯ ಕಂಡರೆ, ಶಾಂತಿ ಕದಡುವುದಿಲ್ಲವೆಂದು ಹೆಚ್ಚೆಂದರೆ ಒಂದು ವರ್ಷಕ್ಕೆ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ.