ಹಲ್ಲಿನ ಬುಡ

ಕನ್ನಡದಲ್ಲಿ ಹಲ್ಲನ್ನು ಕುರಿತ ಮಾತುಗಳಿಗೆ ಬಡತನವಿಲ್ಲ. ಹಲ್ಲು ಕಿರಿಯುತ್ತೇವೆ, ಹಲ್ಲು ಮಸೆಯುತ್ತೇವೆ, ಹಲ್ಲು ಕಚ್ಚಿ ಸಹಿಸುತ್ತೇವೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ದೈವವನ್ನು ದೂರುತ್ತೇವೆ. ನಮ್ಮ ಹಳೆಯ ಕವಿಗಳಂತೂ ಕುಂದದ ಮೊಗ್ಗು, ದಾಳಿಂಬದ ಬೀಜ ಎಂದು ಹಲ್ಲಿನ ಸಾಲನ್ನು ಹೊಗಳಿ ದಣಿಯಲಿಲ್ಲ. ಆದರೆ ಆ ಹಲ್ಲನ್ನು ಹಿಡಿದು ನಿಲ್ಲಿಸಿರುವ ವಸಡಿನ ಮೇಲೆ ಒಂದು ಗಾದೆಯೂ ನನಗೆ ನೆನಪಾಗುವುದಿಲ್ಲ. ಕಾವ್ಯದಲ್ಲಿ ಈ ಉಪೇಕ್ಷೆಯಿಂದ ಬಾಧಕವಿಲ್ಲ. ಬಚ್ಚಲಿನಲ್ಲಿಯೂ ಅದೇ ಉಪೇಕ್ಷೆ ನಡೆದುಬಂದಿರುವುದೇ ತೊಂದರೆ.

ಆ ಉಪೇಕ್ಷೆಗೆ ದಂಡ ತೆತ್ತವರಲ್ಲಿ ನಾನೂ ಒಬ್ಬ. ತ, ಥ, ದ, ಧ, ನ ಎಂಬಿವು ದಂತ್ಯಗಳೆಂದು ವರ್ಷಗಟ್ಟಲೆ ತರಗತಿಯಲ್ಲಿ ಪಾಠ ಹೇಳಿದವನು ನಾನು. ಐವತ್ತರ ಸುಮಾರಿಗೆ ಹಲ್ಲುಜ್ಜುವಾಗ ರಕ್ತ ಕಾಣಿಸಿತು. ಉಷ್ಣವಿರಬೇಕೆಂದು ಎಳನೀರು ಕುಡಿದೆ. ಪಟಿಕದ ನೀರಿನಿಂದ ಬಾಯಿ ಮುಕ್ಕಳಿಸಿದೆ. ನೋಯುವ ಕಡೆ ಬ್ರಷ್ ತಾಗಿಸುವುದನ್ನೇ ಬಿಟ್ಟೆ. ಕೆಲವು ವರ್ಷಗಳಲ್ಲಿ ಮೇಲಿನ ಮುಂಭಾಗದ ಎರಡು ಹಲ್ಲುಗಳು ಅಲುಗಾಡಿ, ಒಂದರ ಹಿಂದೊಂದು ಹೊರಟುಹೋದವು. ದಂತ್ಯಗಳನ್ನು ಬೋಧಿಸುವವನ ಬಾಯಲ್ಲಿ ದಂತವೇ ಇಲ್ಲದಾಯಿತು. ಇಂದು ಧ್ವನಿವರ್ಧಕದ ಮುಂದೆ ನನ್ನ ಸಕಾರದಲ್ಲಿ ಸಣ್ಣದೊಂದು ಸಿಳ್ಳೆ ಕೇಳಿಸಿದರೆ ಅದು ಯಂತ್ರದ ದೋಷವಲ್ಲ, ಕಟ್ಟಿಸಿದ ಹಲ್ಲಿನದು.

ವಸಡಿನಿಂದ ರಕ್ತ ಬರಲು ಕಾರಣ ಬಹುಮಟ್ಟಿಗೆ ಉಷ್ಣವೂ ಅಲ್ಲ, ಪಿತ್ತವೂ ಅಲ್ಲ. ಹಲ್ಲೂ ವಸಡೂ ಕೂಡುವ ಅಂಚಿನಲ್ಲಿ ಪಾಚಿಯಂತೆ ಕಟ್ಟುವ ತೆಳುವಾದ ಪೊರೆ ಅದರ ಕಾರಣ. ಅದು ಜೀವವಿರುವ ಪೊರೆ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿಯ ವಸ್ತುವನ್ನು ತಾನೇ ಮಾಡಿದ ಮಸೂರದಡಿ ನೋಡಿ, ಅಲ್ಲಿ ಚಲಿಸುತ್ತಿದ್ದ ಸೂಕ್ಷ್ಮಜೀವಿಗಳನ್ನು ಕಂಡು, ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಆತ ನಮ್ಮ ಹಿರಿಯರಂತೆಯೇ ದಿನವೂ ಬೆಳಗ್ಗೆ ಉಪ್ಪಿನಿಂದ ಹಲ್ಲು ತಿಕ್ಕುತ್ತಿದ್ದವನು! ಉಪ್ಪಿಗೂ ಜಗ್ಗದೆ ಅವು ಸಂದಿಯಲ್ಲಿ ಸುಖವಾಗಿದ್ದವು.

ಈ ಪೊರೆಯೇ ಅಪರಾಧಿ ಎಂಬುದು ಸಿದ್ಧವಾದದ್ದು ಬಹಳ ತಡವಾಗಿ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು, ಆರೋಗ್ಯವಾದ ವಸಡುಗಳಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಎರಡು ಮೂರು ವಾರಗಳೊಳಗೆ ಎಲ್ಲರ ವಸಡೂ ಕೆಂಪೇರಿ ಊದಿಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ನಾನು ರಕ್ತ ಕಂಡು ಬ್ರಷ್ ಬಿಟ್ಟೆನಲ್ಲ, ಅದು ಎಂಥ ತಲೆಕೆಳಗಾದ ಚಿಕಿತ್ಸೆ ಎಂದು ಇದರಿಂದ ತಿಳಿಯುತ್ತದೆ. ರಕ್ತ ಬರುವ ಜಾಗವನ್ನೇ ಮೃದುವಾಗಿ, ಹೆಚ್ಚು ಗಮನವಿಟ್ಟು ಶುಚಿಮಾಡಬೇಕು.

ಪೊರೆಯನ್ನು ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಕೆಲವೇ ದಿನಗಳಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಬ್ರಷ್ಷಿಗೂ ಬಗ್ಗದು, ಬೇವಿನಕಡ್ಡಿಗೂ ಬಗ್ಗದು. ದಂತವೈದ್ಯರೇ ಕೆರೆದು ತೆಗೆಯಬೇಕು. ಊತ ವಸಡಿನಲ್ಲಷ್ಟೇ ಇರುವವರೆಗೆ ವಾಸಿಯಾಗುವ ರೋಗ. ಕೆಳಗಿಳಿದು ದವಡೆಯ ಮೂಳೆಯನ್ನು ಕರಗಿಸತೊಡಗಿದರೆ ಅದನ್ನು ತಡೆದು ನಿಲ್ಲಿಸಬಹುದು, ಹೋದ ಮೂಳೆ ತಾನಾಗಿ ಮರಳುವುದಿಲ್ಲ. ಇಷ್ಟೆಲ್ಲ ನಡೆಯುವಾಗ ನೋವು ಮಾತ್ರ ಹೆಚ್ಚಾಗಿ ಇರುವುದಿಲ್ಲ. ಹುಳುಕು ಹಲ್ಲು ಕೂಗಿ ಕರೆಯುತ್ತದೆ. ವಸಡಿನ ರೋಗ ಸದ್ದಿಲ್ಲದೆ ಬರುತ್ತದೆ.

ಹಾಗಾದರೆ ಮನೆಮದ್ದು? ನಾನು ಅದನ್ನು ಹಳಿಯಲು ಕುಳಿತವನಲ್ಲ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದರೆ ಊದಿದ ವಸಡಿಗೆ ಹಿತ. ಎಳ್ಳೆಣ್ಣೆಯನ್ನು ಬಾಯಲ್ಲಿ ಆಡಿಸಿ ಉಗುಳುವುದರಿಂದಲೂ ಅಲ್ಪಸ್ವಲ್ಪ ಪ್ರಯೋಜನ ಉಂಟು. ಲವಂಗದೆಣ್ಣೆ ನೋವನ್ನು ಮರೆಸುತ್ತದೆ, ರೋಗವನ್ನಲ್ಲ. ಹಾಗೆಯೇ ಹಚ್ಚಿದರೆ ವಸಡು ಸುಡುತ್ತದೆ. ಪಟಿಕ ರಕ್ತವನ್ನು ಬಿಗಿಹಿಡಿದು ರೋಗಕ್ಕೆ ಮುಸುಕು ಹಾಕುತ್ತದೆ. ನೆಲ್ಲಿಕಾಯಿ ಒಳ್ಳೆಯದೇ, ಸಿ ಜೀವಸತ್ವದ ಕೊರತೆಯಾದರೆ ವಸಡು ರಕ್ತ ಕಾರುವುದೂ ನಿಜ. ಆದರೆ ನಮ್ಮಲ್ಲಿ ಬಹುಮಂದಿಯ ವಸಡಿಗೆ ಬೇಕಾದದ್ದು ನೆಲ್ಲಿಕಾಯಲ್ಲ, ಶುಚಿ. ಇದ್ದಿಲು, ಇಟ್ಟಿಗೆಪುಡಿ, ಮರಳುಮರಳಾದ ಬೂದಿ ಇವುಗಳಿಗೆ ಮಾತ್ರ ನಮಸ್ಕಾರ ಹೇಳಿಬಿಡುವುದು ಲೇಸು. ಪಾತ್ರೆ ಬೆಳಗುವಂತೆ ಹಲ್ಲು ಬೆಳಗಿದರೆ ಮೇಲಿನ ಗಟ್ಟಿ ಪದರ ಸವೆಯುತ್ತದೆ, ವಸಡು ಹಿಂದೆ ಸರಿಯುತ್ತದೆ.

ಬೇವಿನಕಡ್ಡಿಯ ಮಾತು ಬೇರೆ. ಕಹಿ ಕಡ್ಡಿಗಳಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದು ಸುಶ್ರುತಸಂಹಿತೆ ಎಣಿಸುತ್ತದೆ. ಚರಕಸಂಹಿತೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಎರಡು ಅಂಶಗಳಿವೆ: ತುದಿಯನ್ನು ಜಜ್ಜಿದ ಕಡ್ಡಿಯಿಂದ ದಿನಕ್ಕೆ ಎರಡು ಹೊತ್ತು ಉಜ್ಜಬೇಕು, ದಂತಮಾಂಸಕ್ಕೆ, ಎಂದರೆ ವಸಡಿಗೆ, ನೋವಾಗದಂತೆ ಉಜ್ಜಬೇಕು. ಇಂದಿನ ದಂತವೈದ್ಯರೂ ಹೇಳುವುದು ಇದನ್ನೇ. ಕಡ್ಡಿಯನ್ನು ಉಳಿಸಿಕೊಂಡ ನಾವು ಎರಡನೆಯ ಹೊತ್ತನ್ನು ಯಾವಾಗ ಬಿಟ್ಟೆವೋ! ಬೇಕಾದದ್ದು ಆ ಎರಡನೆಯದೇ. ರಾತ್ರಿ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಬಾಯಿ ತನ್ನನ್ನು ತಾನು ತೊಳೆದುಕೊಳ್ಳಲಾರದು. ಕಡ್ಡಿ ಒಳಮೈಯನ್ನೂ ದವಡೆಹಲ್ಲಿನ ಹಿಂಬದಿಯನ್ನೂ ಸುಲಭವಾಗಿ ಮುಟ್ಟದು. ಮೆದು ಎಳೆಯ ಬ್ರಷ್ ಮುಟ್ಟುತ್ತದೆ. ಅದನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಚಿಕ್ಕ ಚಿಕ್ಕ ಚಲನೆಯಲ್ಲಿ, ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ನಿಮಿಷ ಉಜ್ಜಿದರೆ ಸಾಕು. ಸಂದಿಗಳಿಗೆ ಹಲ್ಲಿನ ದಾರವಿದೆ. ಊಟವಾದ ಮೇಲೆ ಗುಂಡುಸೂಜಿ ಹುಡುಕುವ ಚಾಳಿ ನಮ್ಮಲ್ಲಿ ವಿದ್ಯಾವಂತರಿಗೂ ಇದೆ. ಅದು ವಸಡಿಗೆ ಇರಿತ.

ಗಾರೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬ ಭಯ ನನ್ನನ್ನು ನಾಲ್ಕು ವರ್ಷ ವೈದ್ಯರ ಬಾಗಿಲಿನಿಂದ ದೂರವಿಟ್ಟಿತು. ನಿಜಸ್ಥಿತಿ ಹೀಗೆ: ಮೂಳೆ ಮೊದಲೇ ಕರಗಿ ಸಡಿಲವಾದ ಹಲ್ಲುಗಳನ್ನು ಗಾರೆ ಒಂದಕ್ಕೊಂದು ಅಂಟಿಸಿ ನಿಲ್ಲಿಸಿರುತ್ತದೆ. ಬಿದ್ದುಹೋಗುವ ಗೋಡೆಗೆ ಒರಗಿಸಿದ ಕಸದ ರಾಶಿಯಂತೆ ಅದು. ಕಸ ತೆಗೆದಾಗ ಗೋಡೆಯ ಸ್ಥಿತಿ ಕಾಣುತ್ತದೆಯೇ ಹೊರತು ಗೋಡೆ ಕೆಟ್ಟದ್ದು ಕಸ ತೆಗೆದದ್ದರಿಂದಲ್ಲ. ತೆಗೆದ ಮೇಲೆ ಕೆಲವು ದಿನ ಹಲ್ಲು ಜುಂ ಎನ್ನುವುದುಂಟು. ಅದು ತಾನೇ ಶಮನವಾಗುತ್ತದೆ.

ಎಲೆಅಡಿಕೆಯ ಸಂಗಡ ಕಡ್ಡಿಪುಡಿ ಹಾಕುವವರಿಗೂ ಬೀಡಿ ಸಿಗರೇಟು ಸೇದುವವರಿಗೂ ಒಂದು ವಿಶೇಷ ಸೂಚನೆ. ಹೊಗೆಸೊಪ್ಪು ವಸಡನ್ನು ಕೆಡಿಸುವುದಲ್ಲದೆ, ಸೇದುವವರಲ್ಲಿ ರಕ್ತ ಬರುವುದನ್ನೂ ತಗ್ಗಿಸಿ ರೋಗದ ಗುರುತನ್ನೇ ಅಡಗಿಸುತ್ತದೆ. ಹಲ್ಲುಪುಡಿ, ಪೇಸ್ಟುಗಳಲ್ಲಿ ಅದನ್ನು ಬೆರೆಸುವುದನ್ನು ಸರ್ಕಾರ 1992ರಲ್ಲಿಯೇ ನಿಷೇಧಿಸಿತು. ಸಕ್ಕರೆ ಕಾಯಿಲೆಗೂ ವಸಡಿಗೂ ಎರಡು ಕಡೆಯ ನಂಟು: ಅದು ಹೆಚ್ಚಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಅದು ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಎರಡು ವಾರ ಸರಿಯಾಗಿ ಉಜ್ಜಿದ ಮೇಲೂ ರಕ್ತ ನಿಲ್ಲದಿದ್ದರೆ, ವಸಡಿನಲ್ಲಿ ಕೀವು ಕಂಡರೆ, ಹಲ್ಲು ಅಲುಗಿದರೆ, ಉಪ್ಪುನೀರಿನ ಲೋಟವನ್ನು ಕೆಳಗಿಟ್ಟು ವೈದ್ಯರಲ್ಲಿಗೆ ಹೊರಡತಕ್ಕದ್ದು. ಮುಖ ಊದಿ ಜ್ವರವೂ ಬಂದಿದ್ದರೆ ಅದೇ ದಿನ.