ಕನ್ನಡಿ ಹೋದ ಮೇಲೆ ಉಳಿದ ಜಾಗ

ಚಿಂತಾಮಣಿಯ ಹಳೇ ಸ್ಟುಡಿಯೊವೊಂದರ ಬೀರುವಿನಲ್ಲಿದ್ದ ಹೀಲಿಯೋಸ್ 44-2 ಲೆನ್ಸ್ ನನ್ನ ಕೈಗೆ ಬಂತು. ಜರ್ಮನಿಯ ಬಯೋಟಾರ್ ಮಾದರಿಯಲ್ಲಿ ಸೋವಿಯತ್ ಒಕ್ಕೂಟದವರು ತಯಾರಿಸಿದ 58 ಮಿ.ಮೀ. ಲೆನ್ಸ್ ಅದು. ನಿಕಾನ್ ಡಿಎಸ್‌ಎಲ್‌ಆರ್‌ಗೆ ಅಡಾಪ್ಟರ್ ಸಿಕ್ಕಿಸಿ, ಶಿಡ್ಲಘಟ್ಟದಲ್ಲಿ ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತಿದ್ದ ರೇಷ್ಮೆಹುಳುವನ್ನು ತೆಗೆದೆ. ಎಳೆ ಎಳೆಯೂ ಸ್ಪಷ್ಟ. ಮಾರನೆಯ ಬೆಳಿಗ್ಗೆ ನಂದಿಬೆಟ್ಟದಿಂದ ಸ್ಕಂದಗಿರಿಯತ್ತ ತಿರುಗಿಸಿದರೆ ಎಲ್ಲ ಮಸುಕು! ಮಂಜನ್ನು ಬೈದುಕೊಂಡೆ. ತಪ್ಪು ಮಂಜಿನದ್ದಲ್ಲ, ಒಂದು ಮಿಲಿಮೀಟರಿನದ್ದು.

ಹೀಲಿಯೋಸ್‌ನಂಥ 42 ಮಿ.ಮೀ. ತಿರುಪಿನ ಹಳೆಯ ಲೆನ್ಸುಗಳು ತಮ್ಮ ಬುಡದಿಂದ 45.46 ಮಿ.ಮೀ. ಹಿಂದೆ ಫಿಲ್ಮ್ ಇರುತ್ತದೆಂದು ನಂಬಿ ತಯಾರಾದವು. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಆ ದೂರ 46.5. ಹೀಲಿಯೋಸ್ ಒಂದು ಮಿ.ಮೀ. ಮುಂದಕ್ಕೆ ಸರಿದರೆ, ರಿಂಗನ್ನು ಕೊನೆಯವರೆಗೆ ತಿರುಗಿಸಿದರೂ ಫೋಕಸ್ ಮೂರು ಮೀಟರ್ ಸುಮಾರಿಗೆ ನಿಂತುಬಿಡುತ್ತದೆ. ಅಡಾಪ್ಟರಿನ ದಪ್ಪವೂ ಸೇರಿದರೆ ಇನ್ನೂ ಹತ್ತಿರಕ್ಕೆ. ಹುಳು ಸಿಗುತ್ತದೆ, ಬೆಟ್ಟ ಸಿಗುವುದಿಲ್ಲ. ಇದನ್ನು ಸರಿಪಡಿಸಲು ಗಾಜು ಕೂರಿಸಿದ ಅಡಾಪ್ಟರುಗಳಿವೆ. ಅಗ್ಗದ ಗಾಜು ಒಳ್ಳೆಯ ಲೆನ್ಸಿನ ಮರ್ಯಾದೆ ತೆಗೆಯುತ್ತದೆ.

ಡಿಎಸ್‌ಎಲ್‌ಆರ್‌ನಲ್ಲಿ ಅಷ್ಟು ದೂರ ಬೇಕಾಗಿದ್ದು ಮೇಲಕ್ಕೂ ಕೆಳಕ್ಕೂ ಆಡುವ ಕನ್ನಡಿಗೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿಯೇ ಇಲ್ಲ. ಸೋನಿ ಇ-ಮೌಂಟ್‌ನಲ್ಲಿ ಸೆನ್ಸರ್ ಇರುವುದು 18 ಮಿ.ಮೀ. ಹಿಂದೆ. 45.46ರಲ್ಲಿ ಉಳಿದ 27.46 ಮಿ.ಮೀ. ತುಂಬಲು ಒಂದು ಖಾಲಿ ಕೊಳವೆ ಸಾಕು, ಗಾಜು ಬೇಡ. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಒತ್ತುವ ಅನುಮತಿ ಕೊಟ್ಟು, ಪರದೆಯ ಮೇಲೆ ಚಿತ್ರ ಹಿಗ್ಗಿಸಿ, ಕೈಯಿಂದಲೇ ಫೋಕಸ್ ಮಾಡಿಕೊಳ್ಳಬೇಕು. ಮದುವೆ ಮನೆಯ ಗಡಿಬಿಡಿಗೆ ಇದು ಆಗದು.

ಹಾಗಾದರೆ ಯಾಕೆ ಈ ತಾಪತ್ರಯ? ಹಿಪ್ಪುನೇರಳೆ ತೋಟದಲ್ಲಿ ಹೀಲಿಯೋಸ್‌ನ ಅಪರ್ಚರ್ ಪೂರ್ತಿ ತೆರೆದು ಒಮ್ಮೆ ತೆಗೆದು ನೋಡಿ. ಹಿನ್ನೆಲೆಯ ಎಲೆಗಳು ಸುಳಿಯಂತೆ ಸುತ್ತುತ್ತವೆ. ಓರೆಯಾಗಿ ಬರುವ ಬೆಳಕಿಗೆ ಲೆನ್ಸಿನ ಅಂಚೇ ಅಡ್ಡಬಂದು, ಮಸುಕಿನ ದುಂಡು ಚುಕ್ಕೆಗಳು ಬೆಕ್ಕಿನ ಕಣ್ಣಿನಂತೆ ಕಿರಿದಾಗುವುದು ಇದಕ್ಕೊಂದು ಕಾರಣ. ಲೆಕ್ಕಕ್ಕೆ ಇದು ದೋಷ, ನನಗಂತೂ ಇಷ್ಟ.

ಹಳೆಯ ಗಾಜಿಗೆ ಇನ್ನೊಂದು ವಿಚಿತ್ರವೂ ಉಂಟು: ಟಕುಮಾರ್ ಎಂಬ ಹೆಸರಿನ ಕೆಲವು ಹಳೆಯ ಲೆನ್ಸುಗಳ ಗಾಜಿನಲ್ಲಿ ಥೋರಿಯಂ ಇದೆ. ಅದರ ವಿಕಿರಣಕ್ಕೆ ಗಾಜು ವರ್ಷಗಳಲ್ಲಿ ಹಳದಿಗಟ್ಟುತ್ತದೆ. ನೇರಳಾತೀತ ಬೆಳಕಿನಲ್ಲಿಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಬಳಸಲು ಹೆದರಬೇಕಿಲ್ಲ, ಗಾಜನ್ನು ಉಜ್ಜಿ ಪುಡಿ ಮಾಡಬೇಡಿ ಅಷ್ಟೆ.

ಕೊಳ್ಳಲು ಹೊರಟವರು ಜೇಬಿನಲ್ಲಿ ಟಾರ್ಚ್ ಇಟ್ಟುಕೊಳ್ಳಿ. ಹಿಂದಿನಿಂದ ಬೆಳಕು ಬಿಟ್ಟಾಗ ಒಳಗೆ ರೇಷ್ಮೆಯಂಥ ಸಣ್ಣ ಎಳೆಗಳು ಹಬ್ಬಿದ್ದು ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾಗಿದ್ದರೂ ಅಲ್ಲೇ ಬಿಟ್ಟು ಬನ್ನಿ.