ಹೊಲದಲ್ಲಿ ಗೆರೆ ಹಿಡಿದ ಕರಿಕಲ್ಲು



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ಹೊಲ ಉಳುವವರು ಕರಿಕಲ್ಲನ್ನು ಕಾಣದೆ ಇಲ್ಲ. ಸುತ್ತ ಬಿಳಿಬಂಡೆ, ನಡುವೆ ಕರಿಗುಂಡುಗಳು ಮಾತ್ರ ಒಂದೇ ಗೆರೆ ಹಿಡಿದು, ಬದು ದಾಟಿ ಪಕ್ಕದವರ ಹೊಲಕ್ಕೂ ಸಾಗಿರುತ್ತವೆ. "ಕಲ್ಲು ಕಲ್ಲೇ, ಬಿಡಿ ಸ್ವಾಮಿ" ಅನ್ನಬೇಡಿ. ಬಾವಿ ತೆಗೆಸುವ ದಿನ ಈ ಗೆರೆ ನಿಮ್ಮ ಹಣ ಉಳಿಸೀತು, ಇಲ್ಲವೇ ಕಳೆದೀತು.

ಮೊದಲು ಗುರುತು. ಬಿಸಿಲು ಮಳೆ ತಿಂದ ಕರಿಗುಂಡಿಗೆ ಮೇಲೆ ಕಂದು ಬಣ್ಣದ ತೊಗಟೆ ಇರುತ್ತದೆ. ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಡುತ್ತದೆ. ಸುತ್ತಿಗೆಯಿಂದ ಒಡೆದರೆ ಒಳಗೆ ಅಚ್ಚ ಕಪ್ಪು, ಸಣ್ಣ ಕಣ. ಬಿಳಿಬಂಡೆಯ ಪಟ್ಟೆಯಾಗಲಿ, ಗಾಜಿನಂಥ ಬೆಣಚಿನ ಹರಳಾಗಲಿ ಕಣ್ಣಿಗೆ ಬೀಳುವುದಿಲ್ಲ. ತೂಕವೂ ಹೆಚ್ಚು. ಬಿಳಿಕಲ್ಲು 27 ಕಿಲೋ ತೂಗಿದರೆ ಅಷ್ಟೇ ಗಾತ್ರದ ಕರಿಕಲ್ಲು ಸುಮಾರು 30 ಕಿಲೋ ತೂಗೀತು. ಸರಗೂರು ಕಡೆ ಇನ್ನೊಂದು ಕಪ್ಪು ಕಲ್ಲುಂಟು. ಅದರಲ್ಲಿ ಸೂಜಿಯಂಥ ಹರಳು ಮಿನುಗುತ್ತವೆ, ಹಲಗೆಯಂತೆ ಸೀಳುತ್ತದೆ. ಅದು ಬೇರೆ ಜಾತಿ.

ಇದು ಬಂದದ್ದೆಲ್ಲಿಂದ? ಭೂಮಿಯ ಒಡಲಿನಲ್ಲಿ ಕರಗಿದ ಕಲ್ಲಿನ ಪಾಕ ಬಿಳಿಬಂಡೆಯ ಬಿರುಕಿನಲ್ಲಿ ಮೇಲೇರಿ, ನೆಲದೊಳಗೇ ಹೆಪ್ಪುಗಟ್ಟಿತು. ಇದಕ್ಕೆ ಡಾಲರೈಟ್ ಎಂದು ಹೆಸರು. ಇಂಥದೇ ಪಾಕ ನೆಲದ ಮೇಲೆ ಹರಿದು ಆರಿದರೆ ಬಸಾಲ್ಟ್. ವಿಜಯಪುರ, ಬೀದರ್ ಕಡೆ ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ ಹಾಗೆ ಹರಿದು ಹಾಸಿದೆ. ಗೋಲಗುಮ್ಮಟ ಕಟ್ಟಿದ್ದು ಆ ಕಲ್ಲಿನಲ್ಲೇ. ನಮ್ಮ ಸೀಮೆಯ ಗೆರೆಗಳಲ್ಲಿ ಹಲವು ಅದಕ್ಕಿಂತ ಬಹಳ ಹಳೆಯವು.

ಅಂದಮೇಲೆ ನಿಮಗೆ ಕಾಣುವುದು ಗೋಡೆಯ ನೆತ್ತಿ ಮಾತ್ರ. ಗೋಡೆ ಆಳಕ್ಕೆ ಇಳಿದಿದೆ. ಗಟ್ಟಿ ಕರಿಕಲ್ಲಿನೊಳಗೆ ನೀರು ಸುಲಭವಾಗಿ ನುಗ್ಗದು. ಬಿಳಿಬಂಡೆಯ ಬಿರುಕಿನಲ್ಲಿ ಇಳಿಜಾರಿಗೆ ಹರಿದು ಬರುವ ನೀರನ್ನು ಅದು ಕೆರೆಯ ಏರಿಯಂತೆ ತಡೆದೀತು. ಆದ್ದರಿಂದ ಗೆರೆಯ ನೆತ್ತಿಯ ಮೇಲೆಯೇ ಕೊಳವೆ ಬಾವಿ ಕೊರೆಸಲು ಅವಸರ ಮಾಡಬೇಡಿ. ಮೇಲ್ಮಗ್ಗುಲಲ್ಲಿ, ಎರಡು ಕಲ್ಲು ಕೂಡುವ ಅಂಚಿನ ಹತ್ತಿರ ಮೊದಲು ನೋಡಿ. ಅಂಚು ಬಿರಿದಿದ್ದರೆ ಸೆಲೆ ಸಿಕ್ಕೀತು. ಎಲ್ಲೆಡೆ ಹೀಗೇ ಆಗುತ್ತದೆಂದು ನಾನು ಹೇಳಲಾರೆ. ಕರಿಕಲ್ಲೇ ಒಡೆದು ನೀರು ಬಿಡುವ ಜಾಗವೂ ಉಂಟು.

ಬೇಸಗೆಯಲ್ಲಿ ಗೆರೆಯ ಉದ್ದಕ್ಕೂ ನಡೆದು ನೋಡಿ. ಯಾವ ಮಗ್ಗುಲಿನ ಬಾವಿ ತಡವಾಗಿ ಬತ್ತುತ್ತದೆ, ಯಾವ ಕಡೆ ಮರ ಹಸಿರಾಗಿದೆ? ಊರಿನ ಹಿರಿಯರನ್ನೂ ಕೇಳಿ. ತೆಂಗಿನಕಾಯಿ ಹಿಡಿದು ನೀರು ತೋರಿಸುವವರಿಗೆ ಕೊಡುವ ದಕ್ಷಿಣೆಗೆ ಮೊದಲು, ಗೆರೆ ಹಾದ ದಾರಿಯನ್ನು ಒಂದು ಕಾಗದದ ಮೇಲೆ ಬರೆದುಕೊಂಡು, ಒಡೆದ ಕಲ್ಲಿನ ಚೂರಿನೊಂದಿಗೆ ಅಂತರ್ಜಲ ಇಲಾಖೆಯ ಭೂವಿಜ್ಞಾನಿಗಳಿಗೆ ತೋರಿಸಿ.